ಪಿಯುಸಿ ರಸಾಯನಶಾಸ್ತ್ರ: ಕಷ್ಟ ಇಂಗ್ಲಿಷಿನದೇ, ಮೋಲಿನದೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 100ಕ್ಕೆ 91 ಬಂದಿತ್ತು. ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದೇನೆ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಉಳಿದ ವಿಷಯಗಳು ಹೇಗೋ ಸಾಗುತ್ತಿವೆ. ರಸಾಯನಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಮಾತ್ರ 25ಕ್ಕೆ 7 ಬಂತು. ಮೋಲ್ ಎಂಬುದನ್ನು ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಸೂತ್ರಗಳೆಲ್ಲ ಬಾಯಿಪಾಠ ಇವೆ, ಆದರೆ ಲೆಕ್ಕ ಕೊಟ್ಟಾಗ ಯಾವ ಸೂತ್ರ ಹಾಕಬೇಕೆಂದು ತಿಳಿಯುವುದಿಲ್ಲ. ತರಗತಿಯಲ್ಲಿ ಎದ್ದು ಕೇಳಲು ಸಂಕೋಚ. ಅಪ್ಪ ರೈತರು, ಟ್ಯೂಷನ್‌ಗೆಂದು ಪೇಟೆಗೆ ಹೋಗಿಬರಲು ಆಗುವುದಿಲ್ಲ. ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬದಲಾಯಿಸಿಕೊಳ್ಳಬೇಡಿ, ಈ ಕಾರಣಕ್ಕಂತೂ ಬೇಡ. ಇತಿಹಾಸವೋ ಅರ್ಥಶಾಸ್ತ್ರವೋ ನಿಮ್ಮನ್ನು ಸೆಳೆಯುತ್ತಿದ್ದರೆ ಸಂತೋಷದಿಂದ ಹೋಗಿ. ಅವೂ ಶ್ರಮ ಬೇಡುವ ವಿಷಯಗಳೇ, ಸೋತವರು ತಂಗುವ ಛತ್ರಗಳಲ್ಲ. ನಾನು ಮೂವತ್ತು ವರ್ಷ ಪದವಿಪೂರ್ವ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿದ್ದೇನೆ. ಪ್ರತಿ ವರ್ಷ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಂಚುವ ದಿನ ಇದೇ ಏಳು, ಇದೇ ಒಂಬತ್ತು, ಇದೇ ಬಾಡಿದ ಮುಖಗಳನ್ನು ಕಂಡಿದ್ದೇನೆ. ಅವುಗಳಲ್ಲಿ ಇಂಗ್ಲಿಷ್ ಮಾಧ್ಯಮದಿಂದ ಬಂದವರ ಮುಖಗಳೂ ಸಾಕಷ್ಟು ಇರುತ್ತಿದ್ದವು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ವಾಕ್ಯ: ‘ಯಾವ ಸೂತ್ರ ಹಾಕಬೇಕೆಂದು ತಿಳಿಯುವುದಿಲ್ಲ.’ ಭಾಷೆಯೊಂದೇ ತೊಡಕಾಗಿದ್ದರೆ ನೀವು ‘ಪ್ರಶ್ನೆಯೇ ಅರ್ಥವಾಗುವುದಿಲ್ಲ’ ಎಂದು ಬರೆಯುತ್ತಿದ್ದಿರಿ. ಸೂತ್ರ ಗೊತ್ತಿದೆ, ಪ್ರಶ್ನೆಯೂ ಬಹುಮಟ್ಟಿಗೆ ಓದಲು ಬರುತ್ತದೆ, ಆದರೆ ಎರಡರ ನಡುವೆ ಏನು ನಡೆಯುತ್ತಿದೆ ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತಿಲ್ಲ. ಇಂಗ್ಲಿಷಿನ ತೊಂದರೆಯೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಚಿತ್ರದ ವಿಷಯ.

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಜಾನ್‌ಸ್ಟನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ದರು. ಮಕ್ಕಳಿಗೆ ಈ ವಿಷಯ ಏಕೆ ಕಷ್ಟವಾಗುತ್ತದೆ ಎಂಬುದನ್ನೇ ಜೀವನವಿಡೀ ಅಧ್ಯಯನ ಮಾಡಿದವರು. 1991ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅವರು ಕಾರಣವನ್ನು ಒಂದು ತ್ರಿಕೋನವಾಗಿ ವಿವರಿಸಿದರು. ರಸಾಯನಶಾಸ್ತ್ರ ಒಂದೇ ಸಮಯಕ್ಕೆ ಮೂರು ನೆಲೆಗಳಲ್ಲಿ ಮಾತನಾಡುತ್ತದೆ. ಒಂದು, ಕಣ್ಣಿಗೆ ಕಾಣುವ ನೆಲೆ: ಬಣ್ಣ, ಬಿಸಿ, ಗುಳ್ಳೆ, ವಾಸನೆ. ಎರಡು, ಕಣ್ಣಿಗೆ ಕಾಣದ ಕಣಗಳ ನೆಲೆ: ಪರಮಾಣು, ಅಣು, ಅಯಾನು. ಮೂರು, ಕಾಗದದ ಮೇಲಿನ ಅಕ್ಷರ ಮತ್ತು ಅಂಕೆಗಳ ನೆಲೆ: ಸಂಕೇತ, ಅಣುಸೂತ್ರ, ಸಮೀಕರಣ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ‘ಕಣ್ಣು, ಕಣ, ಅಕ್ಷರ’ ಎಂದು ಹೇಳಿಕೊಡುತ್ತಿದ್ದೆ. ಪಾಠ ಮಾಡುವವರು ಈ ಮೂರರ ನಡುವೆ ಗುಬ್ಬಚ್ಚಿಯಂತೆ ಹಾರಾಡುತ್ತಿರುತ್ತಾರೆ, ಹಾರಿದ್ದು ಅವರಿಗೇ ಗೊತ್ತಾಗುವುದಿಲ್ಲ. ಕೇಳುವವರು ಅಕ್ಷರದ ಕೊಂಬೆಯೊಂದರ ಮೇಲೆ ಉಳಿದುಬಿಡುತ್ತಾರೆ. ಅಲ್ಲಿ ಉಳಿದವರಿಗೆ ಬಾಯಿಪಾಠ ಬಿಟ್ಟು ಬೇರೆ ದಾರಿ ತೋರುವುದಿಲ್ಲ.

ಒಂದು ಉದಾಹರಣೆಯನ್ನು ಮೂರೂ ನೆಲೆಗಳಲ್ಲಿ ನಿಧಾನವಾಗಿ ನೋಡೋಣ. ಹಬ್ಬಕ್ಕೆ ಮೊದಲು ಹಳ್ಳಿಮನೆಗಳ ಗೋಡೆಗೆ ಸುಣ್ಣ ಬಳಿಯುವುದನ್ನು ನೀವು ನೋಡಿರುತ್ತೀರಿ. ಆ ಸುಣ್ಣದ ಮೂಲ ಸುಣ್ಣದಕಲ್ಲು. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಸುಣ್ಣದಕಲ್ಲಿನ ಜಾತಿಯದೇ. ಇದನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು, ಹಬೆಯೆದ್ದು, ಹೂವಿನಂತೆ ಬಿರಿದು ಪುಡಿಯಾಗುತ್ತದೆ. ನಮ್ಮ ಹಿರಿಯರು ಇದನ್ನು ಸುಣ್ಣ ಅರಳುವುದು ಎಂದರು. ಬಹಿರುಷ್ಣಕ ಕ್ರಿಯೆಗೆ, ಎಂದರೆ ಬಿಸಿ ಹೊರಬಿಡುವ ಕ್ರಿಯೆಗೆ, ಇದಕ್ಕಿಂತ ಚಂದದ ಹೆಸರು ನನಗೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. (ಇದನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ. ಸಿಡಿದ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.) ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿ ಗೋಡೆಗೆ ಬಳಿದಾಗ ಮೊದಲು ಮಂಕಾಗಿ ಕಾಣುತ್ತದೆ, ಎರಡು ಮೂರು ದಿನಗಳಲ್ಲಿ ಬೆಳ್ಳಗೆ ಹೊಳೆಯತೊಡಗುತ್ತದೆ.

ಇದಿಷ್ಟು ಕಣ್ಣಿನ ನೆಲೆ. ಈಗ ಕಣದ ನೆಲೆ. ಸುಣ್ಣದಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಂಕಿಯ ಬಿಸಿಗೆ ಅದರೊಳಗಿಂದ ಕಾರ್ಬನ್ ಡೈಆಕ್ಸೈಡ್ ಕಿತ್ತುಕೊಂಡು ಗಾಳಿಗೆ ಹಾರುತ್ತದೆ, ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಅದು ನೀರಿನೊಂದಿಗೆ ಕೂಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಗೋಡೆಯ ಮೇಲೆ ಈ ಹೈಡ್ರಾಕ್ಸೈಡ್ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು, ನೀರನ್ನು ಬಿಟ್ಟುಕೊಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಂದರೆ, ಭಟ್ಟಿಯಲ್ಲಿ ಕಲ್ಲುತನ ಕಳೆದುಕೊಂಡದ್ದು ನಿಮ್ಮ ಮನೆಯ ಗೋಡೆಯ ಮೇಲೆ ಮತ್ತೆ ತೆಳುವಾದ ಕಲ್ಲಾಗಿ ಕುಳಿತುಕೊಳ್ಳುತ್ತದೆ.

ಈಗ ಅಕ್ಷರ ಮತ್ತು ಅಂಕೆ. ಸುಣ್ಣದಕಲ್ಲಿನ ಪರಮಾಣು ರಾಶಿಗಳನ್ನು ಕೂಡಿಸೋಣ: ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ ಸೇರಿ 48, ಒಟ್ಟು 100. ಹಾರಿಹೋದ ಕಾರ್ಬನ್ ಡೈಆಕ್ಸೈಡ್ 44. ಉಳಿದದ್ದು 56. ಅದಕ್ಕೆ ಕೂಡಿದ ನೀರು 18, ಆದದ್ದು 74. ಗೋಡೆಯ ಮೇಲೆ 74ಕ್ಕೆ 44 ಸೇರಿ 118. ಅದರಲ್ಲಿ 18 ನೀರಾಗಿ ಆರಿಹೋದರೆ ಮತ್ತೆ 100. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು. ಈ ಅಂಕೆಗಳನ್ನು ಬಾಯಿಪಾಠ ಮಾಡುವ ಅಗತ್ಯ ಯಾರಿಗಿದೆ? ಸುಣ್ಣದ ಕಥೆ ಗೊತ್ತಿದ್ದವರಿಗೆ ಅಂಕೆಗಳು ಕಥೆಯೊಳಗಿನ ಪಾತ್ರಗಳಂತೆ ತಾವಾಗಿಯೇ ಬಂದು ನಿಲ್ಲುತ್ತವೆ.

ಇನ್ನು ಮೋಲ್. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಇದನ್ನು ತಪ್ಪಾಗಿಯೇ ಕಲಿಸಿದೆ. ವ್ಯಾಖ್ಯಾನ ಬರೆಸಿದೆ, 6.022 × 10²³ ಎಂಬ ಸಂಖ್ಯೆ ಬರೆಸಿದೆ, ಸೂತ್ರ ಬರೆಸಿದೆ. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಮಕ್ಕಳು ‘ಒಂದು ಮೋಲ್ ಎಂದರೆ 6.022 × 10²³ ಗ್ರಾಂ’ ಎಂದು ಬರೆದಿದ್ದರು. ಎಣಿಕೆಯನ್ನು ತೂಕವೆಂದು ತಿಳಿದಿದ್ದರು. ಆ ರಾತ್ರಿ ಉತ್ತರಪತ್ರಿಕೆಗಳ ಮುಂದೆ ಕುಳಿತಾಗ ತಪ್ಪು ಅವರದಲ್ಲ ಎಂದು ನನಗೆ ಸ್ಪಷ್ಟವಾಯಿತು. ನಾನು ಸಂಖ್ಯೆ ಕೊಟ್ಟಿದ್ದೆ, ಕೈಯಲ್ಲಿ ಹಿಡಿಯಲು ಏನನ್ನೂ ಕೊಟ್ಟಿರಲಿಲ್ಲ.

ಮರುವರ್ಷ ತರಗತಿಗೆ ರಾಗಿ ಮತ್ತು ಮೆಕ್ಕೆಜೋಳ ತೆಗೆದುಕೊಂಡು ಹೋದೆ. ನಿಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಕಾಣದ ಊರಿಲ್ಲ, ಆದ್ದರಿಂದ ನಿಮಗೆ ಇದು ಬೇಗ ಹಿಡಿಸುತ್ತದೆ. ಕೃಷಿ ವಿಜ್ಞಾನಿಗಳು ಬೀಜದ ಗುಣಮಟ್ಟ ಅಳೆಯಲು ‘ಸಾವಿರ ಕಾಳಿನ ತೂಕ’ ಎಂಬ ಅಳತೆ ಬಳಸುತ್ತಾರೆ. ರಾಗಿಯ ಸಾವಿರ ಕಾಳು ಸುಮಾರು 3 ಗ್ರಾಂ ತೂಗಿದರೆ ಮೆಕ್ಕೆಜೋಳದ ಸಾವಿರ ಕಾಳು ಸುಮಾರು 300 ಗ್ರಾಂ ತೂಗುತ್ತದೆ. ಎಣಿಕೆ ಎರಡರಲ್ಲೂ ಅದೇ ಸಾವಿರ, ತೂಕ ಮಾತ್ರ ಬೇರೆ. ಈಗ ನಿಮ್ಮ ಮುಂದೆ 30 ಗ್ರಾಂ ರಾಗಿ ಸುರಿದು ಎಷ್ಟು ಕಾಳು ಎಂದು ಕೇಳಿದರೆ ಎಣಿಸುತ್ತಾ ಕೂರುತ್ತೀರೇ? ಮೂವತ್ತನ್ನು ಮೂರರಿಂದ ಭಾಗಿಸಿ ಹತ್ತು ಸಾವಿರ ಎನ್ನುತ್ತೀರಿ. ಮೋಲ್ ಲೆಕ್ಕವೂ ಇಷ್ಟೇ. ಅಣುಗಳು ಎಣಿಸಲಾಗದಷ್ಟು ಚಿಕ್ಕವು, ಹಾಗಾಗಿ ತೂಗುತ್ತೇವೆ, ತೂಗಿ ಎಣಿಕೆ ತಿಳಿಯುತ್ತೇವೆ. ಸಾವಿರದ ಬದಲಿಗೆ ದೊಡ್ಡದೊಂದು ಎಣಿಕೆಯನ್ನು ಇಟ್ಟುಕೊಂಡಿದ್ದೇವೆ. ಆ ದೊಡ್ಡ ಎಣಿಕೆಯ ಹೆಸರು ಮೋಲ್. ಡಜನ್ ಎಂದರೆ ಹನ್ನೆರಡು ಇದ್ದ ಹಾಗೆ ಮೋಲ್ ಎಂದರೆ 6.022 × 10²³. ಪುಸ್ತಕದಲ್ಲಿ ‘ಮೋಲಾರ್ ರಾಶಿ’ ಎಂದು ಬರುವುದು ‘ಸಾವಿರ ಕಾಳಿನ ತೂಕ’ದ ಅಣ್ಣ. ನೀರಿಗೆ ಅದು 18 ಗ್ರಾಂ, ಅಡುಗೆ ಉಪ್ಪಿಗೆ 58.5 ಗ್ರಾಂ, ಕಬ್ಬಿಣಕ್ಕೆ 56 ಗ್ರಾಂ, ಸಕ್ಕರೆಗೆ 342 ಗ್ರಾಂ.

ಆ ಸಂಖ್ಯೆಯೇ ಏಕೆ ಎಂದು ಕೇಳಬೇಕೆನಿಸುತ್ತದೆ, ಕೇಳಲೇಬೇಕು. ಪರಮಾಣು ರಾಶಿಯ ಪಟ್ಟಿಯಲ್ಲಿ ಕಾರ್ಬನ್ 12 ಎಂದಿದೆ. ಹಾಗಿದ್ದರೆ 12 ಗ್ರಾಂ ಕಾರ್ಬನ್‌ನಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟನ್ನು ಒಂದು ಮೋಲ್ ಎಂದು ಕರೆದರೆ, ಪಟ್ಟಿಯಲ್ಲಿರುವ ಯಾವುದೇ ಧಾತುವಿನ ಅಂಕಿಯನ್ನು ಹಾಗೆಯೇ ಗ್ರಾಂ ಎಂದು ಓದಿಕೊಳ್ಳಬಹುದು. ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಇದು. 2019ರ ಮೇ 20ರಿಂದ ವ್ಯಾಖ್ಯಾನ ಬದಲಾಗಿದೆ. ಈಗ ಕಾರ್ಬನ್ನಿನ ಹಂಗಿಲ್ಲದೆ 6.02214076 × 10²³ ಎಂಬ ಸಂಖ್ಯೆಯನ್ನೇ ನಿಗದಿ ಮಾಡಿದ್ದಾರೆ. ನಿಮ್ಮ ಲೆಕ್ಕಗಳಿಗೆ ಇದರಿಂದ ಏನೂ ವ್ಯತ್ಯಾಸವಾಗದು.

ಸಂಖ್ಯೆಯ ಗಾತ್ರ ಮನಸ್ಸಿಗೆ ಇಳಿಯಬೇಕೆಂದರೆ ಮತ್ತೆ ರಾಗಿಗೆ ಬನ್ನಿ. ಒಂದು ಮೋಲ್ ರಾಗಿ ಕಾಳನ್ನು ಕರ್ನಾಟಕದ ಮೇಲೆಲ್ಲ ಸಮನಾಗಿ ಸುರಿದರೆ, ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು ಹನ್ನೆರಡೂವರೆ ಕಿಲೋಮೀಟರ್ ಎತ್ತರದ ರಾಶಿಯಾಗುತ್ತದೆ. ಎವರೆಸ್ಟ್ ಶಿಖರವೂ ಅದಕ್ಕಿಂತ ಕುಳ್ಳು. ಅದೇ ಒಂದು ಮೋಲ್ ನೀರು? 18 ಗ್ರಾಂ, ದೊಡ್ಡ ಚಮಚಕ್ಕಿಂತ ತುಸು ಹೆಚ್ಚು. ನೀರಿನ ಅಣು ಎಷ್ಟು ಚಿಕ್ಕದು ಎಂಬುದು ಈ ಎರಡು ಚಿತ್ರಗಳ ನಡುವೆ ಇದೆ. ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ರಾಜ್ಯದ ವಿಸ್ತೀರ್ಣ ಸುಮಾರು 1,91,791 ಚದರ ಕಿಲೋಮೀಟರ್. ರಾಗಿ ಒಂದು ಘನಮೀಟರಿಗೆ ಸುಮಾರು 750 ಕಿಲೋ ಎಂದು ಹಿಡಿದುಕೊಳ್ಳಿ. ಘಾತಾಂಕಗಳ ಮೇಲೆ ಹಿಡಿತ ಬರಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಸೂತ್ರವಿಲ್ಲದೆ ಒಂದು ಲೆಕ್ಕ ಮಾಡೋಣ. ‘ನೂರಕ್ಕೆ 80ರಷ್ಟು ಶುದ್ಧವಾದ 2 ಕಿಲೋ ಸುಣ್ಣದಕಲ್ಲನ್ನು ಸುಟ್ಟರೆ ಎಷ್ಟು ಸುಟ್ಟ ಸುಣ್ಣ ಸಿಗುತ್ತದೆ?’ ಮೊದಲು ಕಲ್ಲಿನ ಒಳಗೆ ನಿಜವಾದ ಸುಣ್ಣದಕಲ್ಲು ಎಷ್ಟು? 1600 ಗ್ರಾಂ. ಉಳಿದದ್ದು ಮಣ್ಣು, ಮರಳು. ಒಂದು ಮೋಲ್ ಕಲ್ಲು 100 ಗ್ರಾಂ ಆದ್ದರಿಂದ ಇಲ್ಲಿರುವುದು 16 ಮೋಲ್. ಒಂದು ಕಲ್ಲಿನ ಕಣಕ್ಕೆ ಒಂದು ಸುಣ್ಣದ ಕಣ ಹುಟ್ಟುತ್ತದೆ, ಆದ್ದರಿಂದ ಸುಣ್ಣವೂ 16 ಮೋಲ್. ಒಂದು ಮೋಲ್ ಸುಣ್ಣ 56 ಗ್ರಾಂ. ಹದಿನಾರಕ್ಕೆ 896 ಗ್ರಾಂ. ಗಮನಿಸಿ, ನಾವು ತೂಕದಿಂದ ನೇರವಾಗಿ ತೂಕಕ್ಕೆ ಹೋಗಲಿಲ್ಲ. ತೂಕದಿಂದ ಎಣಿಕೆಗೆ ಹೋಗಿ, ಎಣಿಕೆಯ ಲೆಕ್ಕದಲ್ಲಿ ನದಿ ದಾಟಿ, ಆಚೆ ದಡದಲ್ಲಿ ಮತ್ತೆ ತೂಕಕ್ಕೆ ಇಳಿದೆವು. ನಿಮ್ಮ ಮೊದಲ ಅಧ್ಯಾಯದ ಹೆಚ್ಚಿನ ಲೆಕ್ಕಗಳಿಗೆ ದಾರಿ ಇದೇ. ಕೊಟ್ಟದ್ದು ತೂಕವಿರಬಹುದು, ಅನಿಲದ ಗಾತ್ರವಿರಬಹುದು, ದ್ರಾವಣದ ಸಾರತೆ ಇರಬಹುದು. ಮೊದಲ ಕೆಲಸ ಅದನ್ನು ಮೋಲ್ ಮಾಡುವುದು. ಸೂತ್ರ ಹುಡುಕಬೇಡಿ. ‘ಇದರಲ್ಲಿ ಎಷ್ಟು ಕಣಗಳಿವೆ?’ ಎಂದು ಕೇಳಿಕೊಳ್ಳಿ. ಪ್ರತಿ ಹಂತದಲ್ಲೂ ಅಂಕಿಯ ಪಕ್ಕ ‘ಗ್ರಾಂ’, ‘ಮೋಲ್’ ಎಂದು ಏಕಮಾನ ಬರೆಯಿರಿ. ಏಕಮಾನ ಬರೆಯದೆ ಓಡಿದವರೇ ಗುಣಿಸಬೇಕಾದಲ್ಲಿ ಭಾಗಿಸುತ್ತಾರೆ.

ಮಿತಗೊಳಿಸುವ ಪ್ರತಿವರ್ತಕದ (ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು, ಇಂಗ್ಲಿಷಿನಲ್ಲಿ ‘ಲಿಮಿಟಿಂಗ್ ರಿಯೇಜೆಂಟ್’) ಲೆಕ್ಕಗಳೂ ನಿಮ್ಮನ್ನು ಕಾಡಿರುತ್ತವೆ ಎಂದು ಊಹಿಸುತ್ತೇನೆ. ಹೋಳಿಗೆ ಮಾಡುವುದನ್ನು ನೆನಪಿಸಿಕೊಳ್ಳಿ. ಹತ್ತು ಉಂಡೆ ಕಣಕ, ಏಳು ಉಂಡೆ ಹೂರಣ ಇದ್ದರೆ ಆಗುವುದು ಏಳೇ ಹೋಳಿಗೆ. ಮೂರು ಉಂಡೆ ಕಣಕ ಉಳಿಯುತ್ತದೆ. ಇಲ್ಲಿ ನಾವು ಲೆಕ್ಕ ಹಾಕುವುದು ಉಂಡೆಗಳನ್ನು, ತೂಕವನ್ನಲ್ಲ. ರಸಾಯನಶಾಸ್ತ್ರದಲ್ಲೂ ಅದೇ ಮಾತು. 10 ಗ್ರಾಂ ಜಲಜನಕ, 64 ಗ್ರಾಂ ಆಮ್ಲಜನಕ ಕೊಟ್ಟರೆ ಆಮ್ಲಜನಕ ಹೆಚ್ಚಿದೆ ಎಂದು ಕಣ್ಣು ಹೇಳುತ್ತದೆ. ಎಣಿಸಿ ನೋಡಿದರೆ ಜಲಜನಕ 5 ಮೋಲ್, ಆಮ್ಲಜನಕ 2 ಮೋಲ್. ಒಂದು ಆಮ್ಲಜನಕದ ಅಣುವಿಗೆ ಎರಡು ಜಲಜನಕದ ಅಣು ಬೇಕು, ಆದ್ದರಿಂದ 4 ಮೋಲ್ ಜಲಜನಕ ಖರ್ಚಾಗಿ 4 ಮೋಲ್ ನೀರು, ಎಂದರೆ 72 ಗ್ರಾಂ ಬರುತ್ತದೆ. 2 ಗ್ರಾಂ ಜಲಜನಕ ಪಾತ್ರೆಯಲ್ಲಿ ಉಳಿಯುತ್ತದೆ. ತೂಕದಲ್ಲಿ ಹೆಚ್ಚಿದ್ದದ್ದೇ ಮೊದಲು ಮುಗಿಯಿತು.

ಸಮೀಕರಣ ಸರಿದೂಗಿಸುವಾಗ ಅಣುಸೂತ್ರದ ಒಳಗಿನ ಚಿಕ್ಕ ಅಂಕಿಯನ್ನು ಬದಲಾಯಿಸುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಆಮ್ಲಜನಕ ಒಂದು ಕಡಿಮೆ ಬಿತ್ತೆಂದು ನೀರಿನ ಸೂತ್ರದಲ್ಲಿ ಇನ್ನೊಂದು ಆಮ್ಲಜನಕ ಸೇರಿಸಿದರೆ ಅದು ನೀರಾಗಿ ಉಳಿಯದು. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ. ಕುಡಿಯುವ ನೀರನ್ನು ಕಾಗದದ ಮೇಲೆ ಕುಡಿಯಬಾರದ್ದನ್ನಾಗಿ ಮಾಡಿದಿರಿ. ಮುಂದಿನ ದೊಡ್ಡ ಅಂಕಿ ‘ಎಷ್ಟು ಅಣು’ ಎನ್ನುತ್ತದೆ, ಒಳಗಿನ ಚಿಕ್ಕ ಅಂಕಿ ‘ಯಾವ ವಸ್ತು’ ಎನ್ನುತ್ತದೆ. ಮೊದಲನೆಯದನ್ನು ಮುಟ್ಟಬಹುದು, ಎರಡನೆಯದನ್ನು ಮುಟ್ಟುವಂತಿಲ್ಲ.

ಈಗ ಇಂಗ್ಲಿಷ್. ಜಾನ್‌ಸ್ಟನ್ ಮತ್ತು ಅವರ ಸಹೋದ್ಯೋಗಿ ಕ್ಯಾಸೆಲ್ಸ್ 1980ರ ದಶಕದಲ್ಲಿ ಬ್ರಿಟನ್ನಿನ ಶಾಲಾಮಕ್ಕಳ ನಡುವೆ ಮಾಡಿದ ಅಧ್ಯಯನವೊಂದು ನಿಮಗೆ ಧೈರ್ಯ ಕೊಡಬೇಕು. ಇಂಗ್ಲಿಷನ್ನೇ ಮಾತನಾಡಿ ಬೆಳೆದ ಆ ಮಕ್ಕಳೂ ವಿಜ್ಞಾನದ ಪ್ರಶ್ನೆಗಳಲ್ಲಿ ಎಡವುತ್ತಿದ್ದರು, ಅದೂ ದೊಡ್ಡ ಪಾರಿಭಾಷಿಕ ಪದಗಳ ಮೇಲಷ್ಟೇ ಅಲ್ಲ, ನಡುವೆ ಬರುವ ಸಾಮಾನ್ಯ ಪದಗಳ ಮೇಲೆ. ನನ್ನ ಅನುಭವವೂ ಅದೇ. ‘ಎಲೆಕ್ಟ್ರೋನೆಗೆಟಿವಿಟಿ’ ಎಂಬ ಪದ ನಿಮ್ಮನ್ನು ಬೀಳಿಸುವುದಿಲ್ಲ. ಅದು ಹೊಸದೆಂದು ಗೊತ್ತಿರುವುದರಿಂದ ಹುಷಾರಾಗಿ ಕಲಿಯುತ್ತೀರಿ. ಬೀಳಿಸುವುದು ‘ಎಕ್ಸೆಸ್’, ‘ರೆಸ್ಪೆಕ್ಟಿವ್ಲಿ’, ‘ನೆಗ್ಲಿಜಿಬಲ್’, ‘ಇನಿಷಿಯಲ್’, ‘ಯೀಲ್ಡ್’, ‘ಅಟ್ ಲೀಸ್ಟ್’ ಇಂಥವು. ‘ಎಕ್ಸೆಸ್’ ಎಂದರೆ ಬೇಕಾದ್ದಕ್ಕಿಂತ ಹೆಚ್ಚು ಇದೆ, ಆದ್ದರಿಂದ ಅದನ್ನು ಲೆಕ್ಕದಿಂದ ಬಿಡಬಹುದು ಎಂದು ಅರ್ಥ. ಆ ಒಂದು ಪದ ತಿಳಿಯದೆ ಇಡೀ ಲೆಕ್ಕ ಕೈತಪ್ಪಿದವರನ್ನು ಪ್ರತಿ ವರ್ಷ ಕಂಡಿದ್ದೇನೆ. ಪುಸ್ತಕದ ಕೊನೆಯ ಪುಟದಲ್ಲಿ ಇಂಥ ಪದಗಳ ಪಟ್ಟಿ ಬೆಳೆಸುತ್ತಾ ಹೋಗಿ. ನೂರು ದಾಟುವುದಿಲ್ಲ.

ಇನ್ನೊಂದು ಗುಂಪಿದೆ, ಅದು ಇನ್ನೂ ಮೋಸದ್ದು: ಮನೆಮಾತಿನಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು. ‘ಸಾಲ್ಟ್’ ಎಂದರೆ ಬರೀ ಅಡುಗೆಯ ಉಪ್ಪಲ್ಲ, ನೀವು ಹತ್ತರಲ್ಲಿ ಓದಿದ ಲವಣ. ‘ಬೇಸ್’ ಎಂದರೆ ತಳವಲ್ಲ, ಪ್ರತ್ಯಾಮ್ಲ. ‘ರಿಡಕ್ಷನ್’ ಎಂದರೆ ಕಡಿಮೆಯಾಗುವುದೆಂದು ತಿಳಿದ ವಿದ್ಯಾರ್ಥಿಗೆ, ಎಲೆಕ್ಟ್ರಾನ್ ಪಡೆಯುವುದು ಹೇಗೆ ರಿಡಕ್ಷನ್ ಎಂದು ತಲೆಕೆಡುತ್ತದೆ. ನಿಮಗೆ ಇಲ್ಲಿ ಒಂದು ಅನುಕೂಲವಿದೆ. ನೀವು ‘ಲವಣ’, ‘ಪ್ರತ್ಯಾಮ್ಲ’, ‘ಅಪಕರ್ಷಣ’ ಎಂದು ಪ್ರತ್ಯೇಕ ಪದಗಳಲ್ಲಿಯೇ ಕಲಿತಿದ್ದೀರಿ. ಪ್ರತ್ಯಾಮ್ಲ ಎಂದೊಡನೆ ಆಮ್ಲಕ್ಕೆ ಎದುರಾಳಿ ಎಂದು ಪದವೇ ಹೇಳಿಬಿಡುತ್ತದೆ. ಹತ್ತನೆಯ ತರಗತಿಯ ಆ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠ, ಲೋಹಗಳ ಪಾಠ, ಕಾರ್ಬನ್ನಿನ ಪಾಠ, ಮೂರೂ ಪಿಯುಸಿಯಲ್ಲಿ ಮತ್ತೆ ಬರುತ್ತವೆ. ಹೊಸ ಅಧ್ಯಾಯ ಶುರುವಾಗುವ ಹಿಂದಿನ ಸಂಜೆ ಅದಕ್ಕೆ ಹೊಂದುವ ಕನ್ನಡ ಪಾಠವನ್ನು ಒಮ್ಮೆ ಓದಿಕೊಂಡು ಹೋಗಿ. ಮರುದಿನ ತರಗತಿಯಲ್ಲಿ ನೀವು ಹೊಸ ವಿಷಯ ಕೇಳುವುದಿಲ್ಲ, ಗೊತ್ತಿರುವ ವಿಷಯಕ್ಕೆ ಹೊಸ ಹೆಸರು ಕೇಳುತ್ತೀರಿ.

ಕನ್ನಡದ ಪದವನ್ನು ಬಿಡಿಸಿ ನೋಡುವ ಅಭ್ಯಾಸ ಕೆಲವೊಮ್ಮೆ ವಿಜ್ಞಾನದ ಇತಿಹಾಸವನ್ನೇ ತೆರೆದಿಡುತ್ತದೆ. ‘ಆಮ್ಲಜನಕ’ ಎಂದರೆ ಆಮ್ಲವನ್ನು ಹುಟ್ಟಿಸುವುದು. ಫ್ರಾನ್ಸಿನ ಲವಾಸಿಯೆ 1777ರಲ್ಲಿ ಇಟ್ಟ ‘ಆಕ್ಸಿಜನ್’ ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ ಇರುವ ಅರ್ಥವೂ ಅದೇ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಎಂದು ಅವನು ನಂಬಿದ್ದ. ಅದು ತಪ್ಪಾಗಿತ್ತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಇಂಗ್ಲೆಂಡಿನ ಹಂಫ್ರಿ ಡೇವಿ 1810ರಲ್ಲಿ ಕ್ಲೋರಿನ್ ಒಂದು ಧಾತು ಎಂದು ತೋರಿಸಿದಾಗ ಇದು ಖಚಿತವಾಯಿತು. ಆಮ್ಲದ ಹುಳಿಗೆ ಕಾರಣ ಜಲಜನಕದ ಅಯಾನು. ನ್ಯಾಯವಾಗಿ ಆಮ್ಲಜನಕ ಎಂಬ ಹೆಸರು ಜಲಜನಕಕ್ಕೆ ಸಲ್ಲಬೇಕಿತ್ತು! ‘ಆಕ್ಸಿಜನ್’ ಎಂದು ಓದುವ ಹುಡುಗನಿಗೆ ಈ ತಪ್ಪು ಕಾಣುವುದೇ ಇಲ್ಲ. ಕನ್ನಡದಲ್ಲಿ ಓದಿದ ನಿಮಗೆ ಅದು ಹೆಸರಿನಲ್ಲೇ ಕಾಣುತ್ತದೆ.

ಸಂಕೇತಗಳ ವಿಷಯದಲ್ಲಿ ಎಲ್ಲರೂ ಸಮಾನರು. ಪೊಟ್ಯಾಸಿಯಂಗೆ ‘ಕೆ’ ಏಕೆ ಎಂದು ಇಂಗ್ಲಿಷ್ ಮಾಧ್ಯಮದವರಿಗೂ ತಿಳಿಯದು. ಅದು ‘ಕೇಲಿಯಂ’ ಎಂಬ ಲ್ಯಾಟಿನ್ ಹೆಸರಿನಿಂದ ಬಂದದ್ದು. ಅದರ ಬೇರು ಅರಬ್ಬೀ ಭಾಷೆಯಲ್ಲಿ ಗಿಡದ ಬೂದಿಗೆ ಇರುವ ಪದ. ಇಂಗ್ಲಿಷಿನ ‘ಆಲ್ಕಲಿ’ಯೂ ಅಲ್ಲಿಂದಲೇ ಬಂತು. ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುವಾಗ ಜಿಡ್ಡು ಬಿಡಿಸುವುದು ಈ ಪೊಟ್ಯಾಸಿಯಂ ಕಾರ್ಬೊನೇಟೇ. ಒಂದು ಬಿಳಿಯ ಕಾಗದದ ಚೂರಿಗೆ ಅರಿಸಿನದ ನೀರು ಹಚ್ಚಿ ಒಣಗಿಸಿ. ಬೂದಿಯನ್ನು ನೀರಿನಲ್ಲಿ ಕಲಕಿ, ತಿಳಿಯಾದ ಮೇಲೆ ಒಂದು ಹನಿಯನ್ನು ಅದರ ಮೇಲೆ ಬಿಡಿ. ಕೆಂಪಾಗುತ್ತದೆ. ಆರತಿ ತಟ್ಟೆಯ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದಾಗ ಓಕುಳಿಯಾಗುವುದೂ ಇದೇ ಕ್ರಿಯೆ. ಆ ಕೆಂಪಿನ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಪ್ರಯೋಗಾಲಯದಲ್ಲಿ ನೀವು ಮಾಡಲಿರುವ ಅನುಮಾಪನದಲ್ಲಿ (‘ಟೈಟ್ರೇಷನ್’) ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್ಥಲೀನ್ ಮಾಡುವ ಕೆಲಸವನ್ನು ಇಲ್ಲಿ ಅರಿಸಿನ ಮಾಡಿತು.

ಅಪ್ಪ ರೈತರು ಎಂದು ಬರೆದಿದ್ದೀರಿ. ಮನೆಯಲ್ಲಿ ಯೂರಿಯಾ ಚೀಲ ಇದ್ದರೆ ಅದರ ಮೇಲೆ ಸಾರಜನಕ ಶೇಕಡ 46 ಎಂದು ಅಚ್ಚಾಗಿರುತ್ತದೆ. ಆ 46 ಎಲ್ಲಿಂದ ಬಂತು? ಯೂರಿಯಾದ ಒಂದು ಅಣುವಿನಲ್ಲಿ ಒಂದು ಕಾರ್ಬನ್, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ ಇವೆ. 12, 16, 28, 4, ಕೂಡಿದರೆ 60. ಅರವತ್ತರಲ್ಲಿ ಇಪ್ಪತ್ತೆಂಟು ಎಂದರೆ ಶೇಕಡ 46.7. ಗೊಬ್ಬರ ಪೂರ್ತಿ ಶುದ್ಧವಲ್ಲದ್ದರಿಂದ ಚೀಲದ ಮೇಲೆ 46. ಹಾಗಾದರೆ 45 ಕಿಲೋ ಚೀಲದಲ್ಲಿ ಬೆಳೆಗೆ ಸಿಗಬಹುದಾದ ಸಾರಜನಕ 20.7 ಕಿಲೋ. ಪರೀಕ್ಷೆಯಲ್ಲಿ ‘ಶೇಕಡಾವಾರು ಸಂಯೋಜನೆ’ ಎಂದು ಕೇಳುವುದು ಇದನ್ನೇ. ಇದನ್ನು ಅಪ್ಪನಿಗೆ ವಿವರಿಸಿ ಹೇಳಿ. ವಿವರಿಸುವಾಗ ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ನಿಮಗೆ ಇನ್ನೂ ಅರ್ಥವಾಗಿಲ್ಲ ಎಂದು ತಿಳಿದುಕೊಳ್ಳಿ.

ಓದುವ ಕ್ರಮದ ಬಗ್ಗೆ ನನಗೆ ಒಂದೆರಡು ಖಚಿತ ಅಭಿಪ್ರಾಯಗಳಿವೆ. ದಿನಕ್ಕೆ ನಲವತ್ತು ನಿಮಿಷ ಸಾಕು, ಆದರೆ ಪ್ರತಿದಿನ. ಭಾನುವಾರದ ಐದು ಗಂಟೆ ಅದಕ್ಕೆ ಸಮನಾಗದು. ನೋಟುಪುಸ್ತಕದ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್ ಇರಲಿ. ಹೊಸ ಸಮೀಕರಣ ಬಂದಾಗಲೆಲ್ಲ ಎಡಪುಟದಲ್ಲಿ ಕಣ್ಣಿಗೆ ಏನು ಕಾಣುತ್ತದೆ, ಕಣಗಳು ಏನು ಮಾಡುತ್ತವೆ ಎಂದು ಎರಡು ವಾಕ್ಯ ಬರೆಯಿರಿ, ಬೇಕಿದ್ದರೆ ಚುಕ್ಕೆಗಳ ಚಿತ್ರ ಹಾಕಿ. ಆಮೇಲಷ್ಟೇ ಬಲಪುಟದಲ್ಲಿ ಸಮೀಕರಣ. ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳಿವೆಯಲ್ಲ, ಅವುಗಳ ಉತ್ತರವನ್ನು ಕಾಗದದಿಂದ ಮುಚ್ಚಿ ನೀವೇ ಮಾಡಿ. ಸಿಕ್ಕಿಬಿದ್ದಾಗ ಕಾಗದವನ್ನು ಒಂದು ಸಾಲು ಮಾತ್ರ ಕೆಳಗೆ ಸರಿಸಿ. ಬಿಡಿಸಿಟ್ಟ ಲೆಕ್ಕವನ್ನು ಓದುತ್ತಾ ಹೋದರೆ ಎಲ್ಲವೂ ತಿಳಿದಂತೆ ತೋರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅದು ಜೊತೆಗೆ ಬರುವುದಿಲ್ಲ. ಗೈಡುಗಳು ಮಾಡುವ ಹಾನಿಯೂ ಇದೇ. 118 ಧಾತುಗಳನ್ನು ಬಾಯಿಪಾಠ ಮಾಡಿಸುವವರ ಮಾತನ್ನೂ ಕೇಳಬೇಡಿ. ಮೊದಲ ಇಪ್ಪತ್ತು ಗಟ್ಟಿಯಾಗಿರಲಿ, ಉಳಿದವು ಆವರ್ತ ಕೋಷ್ಟಕದಲ್ಲಿ ತಮ್ಮ ಜಾಗದಿಂದಲೇ ಗುರುತಾಗುತ್ತವೆ. ಆವರ್ತ ಕೋಷ್ಟಕ ರಚಿಸಿದ ರಷ್ಯದ ವಿಜ್ಞಾನಿ ಮೆಂಡಲೀವ್ 1871ರಲ್ಲಿ ಅದರ ಖಾಲಿ ಮನೆಯೊಂದನ್ನು ನೋಡಿಯೇ ಅಲ್ಲಿ ಬರಬೇಕಾದ ಧಾತುವಿನ ಪರಮಾಣು ರಾಶಿ ಸುಮಾರು 72 ಎಂದು ಹೇಳಿದ್ದ. 1886ರಲ್ಲಿ ಜರ್ಮೇನಿಯಂ ಸಿಕ್ಕಿತು. ಅದರ ಪರಮಾಣು ರಾಶಿ 72.6.

ಮುಂದಿನ ಅಧ್ಯಾಯಗಳ ಬಗ್ಗೆ ಈಗಲೇ ಹೆದರಬೇಡಿ. ಪರಮಾಣು ರಚನೆ ಓದಲು ಹೊಸದು, ಆದರೆ ಕ್ರಮವಾದದ್ದು. ರಾಸಾಯನಿಕ ಬಂಧ ಬಹಳ ಸೊಗಸಾದ ಪಾಠ. ಸಮತೋಲನ ಮತ್ತು ಉಷ್ಣಬಲ ವಿಜ್ಞಾನ ನಿಜವಾಗಿಯೂ ಕಷ್ಟ. ಅಲ್ಲಿ ಮೋಲ್ ಬಾರದವರಿಗೆ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕಾಗಿಯೇ ಈಗ ಇದರ ಮೇಲೆ ಎರಡು ವಾರ ಕಳೆದರೂ ನಷ್ಟವಿಲ್ಲ.

ಸಂಕೋಚದ ಮಾತು ಉಳಿಯಿತು. ತುಂಬಿದ ತರಗತಿಯಲ್ಲಿ ಎದ್ದುನಿಂತು ಕೇಳುವುದು ನಿಮ್ಮ ವಯಸ್ಸಿನಲ್ಲಿ ನನಗೂ ಆಗುತ್ತಿರಲಿಲ್ಲ. ತರಗತಿ ಮುಗಿದ ಮೇಲೆ ಉಪನ್ಯಾಸಕರ ಬಳಿ ನೋಟುಪುಸ್ತಕ ತೆಗೆದುಕೊಂಡು ಹೋಗಿ, ಆದರೆ ‘ಅರ್ಥವಾಗಲಿಲ್ಲ’ ಎಂದಷ್ಟೇ ಹೇಳಬೇಡಿ. ಅದಕ್ಕೆ ಉತ್ತರ ಕೊಡುವುದು ಅವರಿಗೂ ಕಷ್ಟ. ಎಲ್ಲಿ ನಿಂತಿರೋ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ‘ಇಲ್ಲಿ 16 ಎಲ್ಲಿಂದ ಬಂತು?’ ಎಂದು ಕೇಳಿ. ಕನ್ನಡದಲ್ಲೇ ಕೇಳಿ. ಅಷ್ಟು ನಿಖರವಾದ ಪ್ರಶ್ನೆಯನ್ನು ತಳ್ಳಿಹಾಕುವ ಮೇಷ್ಟ್ರನ್ನು ನಾನು ಕಂಡಿಲ್ಲ. ಗೆಳತಿಯೊಬ್ಬಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಊರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕಣ್ಣು, ಕಣ, ಅಕ್ಷರ ಕೇಳಿಕೊಳ್ಳಬಹುದು.

ಇಂದು ಸಂಜೆಗೆ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಮನೆಯ ಗೋಡೆಗಳಿಗೆ ಬಳಿದ ಸುಣ್ಣದಲ್ಲಿ 7.4 ಕಿಲೋ ಶುದ್ಧ ಅರಳಿದ ಸುಣ್ಣವಿತ್ತು ಎಂದಿಟ್ಟುಕೊಳ್ಳಿ. ಅದು ಪೂರ್ತಿ ಕಲ್ಲಾಗಿ ಗಟ್ಟಿಯಾಗುವಷ್ಟರಲ್ಲಿ ಗೋಡೆಗಳು ಗಾಳಿಯಿಂದ ಎಷ್ಟು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡವು, ಮತ್ತು ಈಗ ಗೋಡೆಗಳ ಮೇಲೆ ಕುಳಿತಿರುವ ಕಲ್ಲಿನ ತೂಕವೆಷ್ಟು? ಸೂತ್ರಗಳ ಹಾಳೆಯನ್ನು ಮಡಚಿಟ್ಟು, ಎಡಪುಟದಿಂದ ಶುರುಮಾಡಿ.